ಹೆಸರು ಹೇಳದ ಪತ್ತೇದಾರ

(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಪತ್ತೇದಾರಿ ಕಾದಂಬರಿಯನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟುಕೊಂಡು ಓದಿದವರು ಈ ಸಭೆಯಲ್ಲಿ ಹಲವರಿರಬಹುದು. ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನರ ಜೊತೆ ಕಳ್ಳರನ್ನು ಬೆನ್ನಟ್ಟಿದ ತಲೆಮಾರು ಕನ್ನಡದಲ್ಲಿ ದೊಡ್ಡದು. ಷರ್ಲಾಕ್ ಹೋಮ್ಸನ ಹೆಸರು ಕೇಳದವರಂತೂ ಇಲ್ಲವೇ ಇಲ್ಲ. ಇಂಥ ಕಥೆ ಓದುವಾಗ ಒಂದು ಸಂಶಯ ನಮಗೆಲ್ಲ ಬಂದೇ ಬರುತ್ತದೆ. ನಿಜವಾದ ಪತ್ತೇದಾರ ಹೀಗೆಯೇ ಇರುತ್ತಾನೆಯೇ? ಬೂದಿಯ ಚಿಟಿಕೆ ನೋಡಿ ಕೊಲೆಗಾರನ ಊರು ಹೇಳುತ್ತಾನೆಯೇ?

ಈ ಪ್ರಶ್ನೆಗೆ ಅನುಭವದಿಂದ ಉತ್ತರ ಹೇಳಬಲ್ಲ ಲೇಖಕನೊಬ್ಬ ಅಮೆರಿಕದಲ್ಲಿದ್ದ. ಅವನು ಕಥೆ ಬರೆಯುವುದಕ್ಕೆ ಮೊದಲು ಸಂಬಳ ಪಡೆದು ಪತ್ತೇದಾರಿಕೆ ಮಾಡಿದವನು. ಅವನ ಹೆಸರು ಡ್ಯಾಶಿಯಲ್ ಹ್ಯಾಮೆಟ್. ಅವನ ಕಾದಂಬರಿಗಳ ಒಂದು ದೃಶ್ಯದಿಂದ ಆರಂಭಿಸುವ ಬದಲು ಅವನ ಬದುಕಿನ ಒಂದು ದೃಶ್ಯದಿಂದಲೇ ಆರಂಭಿಸುತ್ತೇನೆ.

1951ರ ಜುಲೈ 9. ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ. ಐವತ್ತೇಳು ವರ್ಷದ ಹ್ಯಾಮೆಟ್ ಸಾಕ್ಷಿಯಾಗಿ ಬಂದಿದ್ದಾನೆ. ಎತ್ತರದ, ಬಡಕಲು ಶರೀರ; ಬೆಳ್ಳಗಾದ ತಲೆಗೂದಲು. ಅವನಿಗೆ ಹಾಕಿದ ಪ್ರಶ್ನೆ ಸರಳವಾದದ್ದು. ಒಂದು ಜಾಮೀನು ನಿಧಿಗೆ ಹಣ ಕೊಟ್ಟವರು ಯಾರು, ಅವರ ಹೆಸರು ಹೇಳಿ. ಹ್ಯಾಮೆಟ್ ಹೇಳಲಿಲ್ಲ. ದಾಖಲೆಯೊಂದರ ಮೇಲಿದ್ದ ತನ್ನದೇ ಹೆಸರಿನ ಮೊದಲಕ್ಷರಗಳನ್ನು ತೋರಿಸಿ ಇವು ನಿಮ್ಮವೇ ಎಂದು ಕೇಳಿದಾಗಲೂ ಉತ್ತರಿಸಲಿಲ್ಲ. ನ್ಯಾಯಾಧೀಶರು ನ್ಯಾಯಾಂಗ ನಿಂದನೆಗಾಗಿ ಆರು ತಿಂಗಳ ಸಜೆ ವಿಧಿಸಿದರು.

ಬೇರೆಯವರ ಗುಟ್ಟು ಹೊರಗೆಳೆಯುವುದನ್ನೇ ಒಂದು ಕಾಲಕ್ಕೆ ಕಸುಬು ಮಾಡಿಕೊಂಡಿದ್ದವನು, ಆ ಕಸುಬಿನ ಕಥೆ ಬರೆದು ಜಗತ್ಪ್ರಸಿದ್ಧನಾದವನು, ಕೊನೆಗೆ ಗುಟ್ಟು ಬಿಟ್ಟುಕೊಡದೆ ಜೈಲಿಗೆ ಹೋದ. ಇದು ಹೇಗಾಯಿತು ಎಂಬುದೇ ನನ್ನ ಇವತ್ತಿನ ವಿಷಯ.

ಕಣ್ಣು ಮುಚ್ಚದ ಕಂಪನಿ

ಹ್ಯಾಮೆಟ್ ಹುಟ್ಟಿದ್ದು 1894ರ ಮೇ 27ರಂದು, ಮೇರಿಲ್ಯಾಂಡ್ ರಾಜ್ಯದಲ್ಲಿ. ಮನೆಯ ಬಡತನದಿಂದಾಗಿ ಹದಿನಾಲ್ಕರ ಸುಮಾರಿಗೆ ಶಾಲೆ ಬಿಟ್ಟ. ಸಣ್ಣಪುಟ್ಟ ಕೆಲಸಗಳನ್ನು ಮಾಡಿ, 1915ರಲ್ಲಿ ಬಾಲ್ಟಿಮೋರ್ ನಗರದ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಗೆ ಸೇರಿದ. ಆಗ ಅವನಿಗೆ ಇಪ್ಪತ್ತೊಂದು ವರ್ಷ.

ಪಿಂಕರ್ಟನ್ ಸಂಸ್ಥೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಸ್ಕಾಟ್ಲೆಂಡಿನಿಂದ ವಲಸೆ ಬಂದ ಆಲನ್ ಪಿಂಕರ್ಟನ್ 1850ರ ಸುಮಾರಿನಲ್ಲಿ ಷಿಕಾಗೊದಲ್ಲಿ ಇದನ್ನು ಕಟ್ಟಿದ. ತೆರೆದ ಕಣ್ಣೊಂದು ಇದರ ಲಾಂಛನ. ನಾವು ನಿದ್ದೆ ಮಾಡುವುದಿಲ್ಲ ಎಂಬುದು ಘೋಷವಾಕ್ಯ. ಖಾಸಗಿ ಪತ್ತೇದಾರನನ್ನು ಇಂಗ್ಲಿಷಿನಲ್ಲಿ ‘ಪ್ರೈವೇಟ್ ಐ’ ಎನ್ನುವುದಕ್ಕೂ ಈ ಕಣ್ಣಿಗೂ ನಂಟು ಹೇಳುವವರಿದ್ದಾರೆ. ರೈಲು ದರೋಡೆಕೋರರನ್ನು ಹಿಡಿಯುವುದು, ಬ್ಯಾಂಕುಗಳನ್ನು ಕಾಯುವುದು ಸಂಸ್ಥೆಯ ಕೆಲಸಗಳಾಗಿದ್ದವು. ಇನ್ನೊಂದು ಕೆಲಸವೂ ಇತ್ತು. ಅದು ಕಾರ್ಮಿಕರ ಮುಷ್ಕರ ಮುರಿಯುವುದು. 1892ರಲ್ಲಿ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ಮಾಲೀಕರ ಪರವಾಗಿ ಸುಮಾರು 300 ಪಿಂಕರ್ಟನ್ ಆಳುಗಳು ದೋಣಿಗಳಲ್ಲಿ ಬಂದಿಳಿದರು. ಗುಂಡಿನ ಕಾಳಗದಲ್ಲಿ ಎರಡೂ ಕಡೆಯವರು ಸತ್ತರು. ಕಾರ್ಮಿಕ ಸಂಘಗಳ ಪಾಲಿಗೆ ಪಿಂಕರ್ಟನ್ ಎಂಬುದು ಅಂದಿನಿಂದ ಬೈಗುಳವೇ ಆಗಿಹೋಯಿತು.

ಇಂಥ ಸಂಸ್ಥೆಯಲ್ಲಿ ಹ್ಯಾಮೆಟ್ ಕೆಲಸ ಕಲಿತ. ಮುಖ್ಯ ಕೆಲಸ ಜನರ ಬೆನ್ನು ಹತ್ತುವುದು. ಆರಡಿ ಮೀರಿದ ಎತ್ತರದವನಾದರೂ ಯಾರ ಕಣ್ಣಿಗೂ ಬೀಳದಂತೆ ಹಿಂಬಾಲಿಸುವುದರಲ್ಲಿ ಆತ ನಿಪುಣನಾಗಿದ್ದ. ಆ ದಿನಗಳ ಅನುಭವದ ತುಣುಕುಗಳನ್ನು 1923ರಲ್ಲಿ ‘ಸ್ಮಾರ್ಟ್ ಸೆಟ್’ ಎಂಬ ಪತ್ರಿಕೆಯಲ್ಲಿ ಬರೆದಿದ್ದಾನೆ. ಓದಿದರೆ ನಗು ಬರುತ್ತದೆ. ಒಮ್ಮೆ ಅವನು ಹಿಂಬಾಲಿಸುತ್ತಿದ್ದ ಮನುಷ್ಯ ಭಾನುವಾರ ಊರ ಹೊರಗೆ ತಿರುಗಾಡಲು ಹೋಗಿ ದಾರಿ ತಪ್ಪಿದನಂತೆ. ಕೊನೆಗೆ ಹಿಂದೆ ಬಂದ ಪತ್ತೇದಾರನೇ ಅವನಿಗೆ ಊರಿನ ದಾರಿ ತೋರಿಸಬೇಕಾಯಿತಂತೆ. ಇನ್ನೊಮ್ಮೆ ಒಬ್ಬ ಪೊಲೀಸ್ ಅಧಿಕಾರಿ ಆರೋಪಿಯ ಚಹರೆಯನ್ನು ಕತ್ತಿನ ಮೇಲಿನ ಮಚ್ಚೆಯವರೆಗೆ ವಿವರವಾಗಿ ಹೇಳಿದನಂತೆ. ಆರೋಪಿಗೆ ಒಂದೇ ಕೈ ಎಂಬುದನ್ನು ಹೇಳಲು ಮಾತ್ರ ಮರೆತಿದ್ದನಂತೆ!

ಹೋಮ್ಸನ ಲೋಕದಲ್ಲಿ ಇಂಥದ್ದು ನಡೆಯುವುದಿಲ್ಲ. ನಿಜವಾದ ಪತ್ತೇದಾರಿಕೆಯಲ್ಲಿ ಕಾಯುವುದು, ನಡೆಯುವುದು, ಮಳೆಯಲ್ಲಿ ನೆನೆಯುವುದೇ ಹೆಚ್ಚು. ಅದರ ಜೊತೆಗೆ ವರದಿ ಬರೆಯುವುದು. ಪಿಂಕರ್ಟನ್ ಪತ್ತೇದಾರರು ತಾವು ಕಂಡದ್ದನ್ನು ಕಂಡ ಹಾಗೆ ಬರೆದು ಕೊಡಬೇಕಿತ್ತು. ಎಷ್ಟು ಗಂಟೆಗೆ ಯಾರು ಬಂದರು, ಏನು ಮಾತಾಡಿದರು, ಯಾವ ಕಡೆ ಹೋದರು, ಇಷ್ಟೇ. ಅವರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸಿ ಬರೆಯುವಂತಿಲ್ಲ. ಈ ಅಭ್ಯಾಸ ಮುಂದೆ ಅಮೆರಿಕನ್ ಕಾದಂಬರಿಯ ಗದ್ಯವನ್ನೇ ಬದಲಿಸಿತು.

ಒಂದು ಕಪ್ಪು ನೆನಪು

ಈ ಕಾಲದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಮೊಂಟಾನಾ ರಾಜ್ಯದ ಬ್ಯೂಟ್ ಎಂಬುದು ತಾಮ್ರದ ಗಣಿಗಳ ಊರು. 1917ರ ಜೂನ್‌ನಲ್ಲಿ ಅಲ್ಲಿನ ಗಣಿಯೊಂದರಲ್ಲಿ ಬೆಂಕಿ ಬಿದ್ದು 160ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಉಳಿದವರು ಮುಷ್ಕರ ಹೂಡಿದರು. ಅವರನ್ನು ಸಂಘಟಿಸಲು ಬಂದ ಫ್ರಾಂಕ್ ಲಿಟ್ಲ್ ಎಂಬ ನಾಯಕನನ್ನು ಆಗಸ್ಟ್ 1ರ ಬೆಳಗಿನ ಜಾವ ಮುಸುಕುಧಾರಿಗಳು ಎಳೆದೊಯ್ದು ರೈಲು ಸೇತುವೆಗೆ ನೇಣು ಹಾಕಿದರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಲಿಟ್ಲ್‌ನನ್ನು ಕೊಲ್ಲಲು ತನಗೆ 5,000 ಡಾಲರ್ ಕೊಡುವುದಾಗಿ ಗಣಿ ಕಂಪನಿಯ ಅಧಿಕಾರಿಯೊಬ್ಬ ಹೇಳಿದ್ದನೆಂದು ಹ್ಯಾಮೆಟ್ ಮುಂದೆ ತನ್ನ ಸಂಗಾತಿ, ನಾಟಕಕಾರ್ತಿ ಲಿಲಿಯನ್ ಹೆಲ್‌ಮನ್‌ಗೆ ತಿಳಿಸಿದನಂತೆ. ಆಕೆಯೇ ಹೀಗೆಂದು ಬರೆದಿದ್ದಾಳೆ. ಜೀವನಚರಿತ್ರೆಕಾರರಲ್ಲಿ ಕೆಲವರು ಇದನ್ನು ನಂಬುತ್ತಾರೆ, ಕೆಲವರು ನಂಬುವುದಿಲ್ಲ. ಆದರೆ ಯಾರ ಹಣಕ್ಕೆ ಯಾರನ್ನು ಹಿಡಿದುಕೊಡುತ್ತಿದ್ದೇನೆ ಎಂಬ ಪ್ರಶ್ನೆ ಹ್ಯಾಮೆಟ್‌ನನ್ನು ಕಾಡತೊಡಗಿತ್ತು ಎಂಬುದಕ್ಕೆ ಅವನ ಕಾದಂಬರಿಗಳೇ ಸಾಕ್ಷಿ.

ಹಾಸಿಗೆಯಿಂದ ಬಂದ ಬರಹ

1918ರಲ್ಲಿ ಹ್ಯಾಮೆಟ್ ಸೈನ್ಯದ ಆಂಬುಲೆನ್ಸ್ ದಳಕ್ಕೆ ಸೇರಿದ. ಮೇರಿಲ್ಯಾಂಡ್ ದಾಟುವ ಮೊದಲೇ ಆ ವರ್ಷದ ಮಹಾಮಾರಿಯಾದ ಇನ್‌ಫ್ಲುಯೆಂಜಾ ಅವನನ್ನು ಹಿಡಿಯಿತು. ಅದರ ಬೆನ್ನಿಗೆ ಕ್ಷಯ ಬಂತು. ಪಿಂಕರ್ಟನ್ ಕೆಲಸಕ್ಕೆ ಮರಳಿದರೂ ದೇಹ ಸಹಕರಿಸಲಿಲ್ಲ. ಟಕೋಮಾ ನಗರದ ಆಸ್ಪತ್ರೆಯಲ್ಲಿ ಜೋಸ್ ಡೋಲನ್ ಎಂಬ ದಾದಿಯ ಪರಿಚಯವಾಗಿ, 1921ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮದುವೆಯಾಯಿತು. ಮಗಳೂ ಹುಟ್ಟಿದಳು. ಮರುವರ್ಷ ಕೆಲಸ ಬಿಟ್ಟ. ಕೈಯಲ್ಲಿದ್ದದ್ದು ಮಾಜಿ ಸೈನಿಕನ ಅಂಗವಿಕಲ ವೇತನ ಮಾತ್ರ.

ಸರ್ಕಾರದ ನೆರವಿನಿಂದ ಆತ ಅಲ್ಲಿನ ಒಂದು ವಾಣಿಜ್ಯ ಕಾಲೇಜಿಗೆ ವರದಿಗಾರಿಕೆ ಕಲಿಯಲು ಸೇರಿದ. ವರದಿಗಾರನಾಗಲಿಲ್ಲ, ಕಥೆಗಾರನಾದ. ನಮ್ಮ ಪತ್ರಿಕಾ ವೃತ್ತಿಗೆ ನಷ್ಟವಾಯಿತು ಎನ್ನಬೇಕೋ ಏನೋ!

ಶಾಲೆ ಕಲಿಯದಿದ್ದವನಿಗೆ ಸಾರ್ವಜನಿಕ ಗ್ರಂಥಾಲಯವೇ ವಿದ್ಯಾಪೀಠವಾಯಿತು. ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ. ಪತ್ತೇದಾರಿ ಲೇಖಕರ ಪ್ರಭಾವಕ್ಕಿಂತ ಹೆನ್ರಿ ಜೇಮ್ಸನಂಥ ಗಂಭೀರ ಕಾದಂಬರಿಕಾರನ ಪ್ರಭಾವ ಅವನ ಮೇಲಿತ್ತು. ‘ದಿ ಮಾಲ್ಟೀಸ್ ಫಾಲ್ಕನ್’ ಬರೆಯುವಾಗ ಜೇಮ್ಸನ ‘ದಿ ವಿಂಗ್ಸ್ ಆಫ್ ದಿ ಡವ್’ ತನ್ನ ಮನಸ್ಸಿನಲ್ಲಿತ್ತೆಂದು ಆತ ಹೇಳಿದ್ದನ್ನು ಹಾಸ್ಯ ಲೇಖಕ ಜೇಮ್ಸ್ ಥರ್ಬರ್ ದಾಖಲಿಸಿದ್ದಾರೆ.

ಆಗ ಅಮೆರಿಕದಲ್ಲಿ ಒರಟು ಕಾಗದದ ಮೇಲೆ ಅಚ್ಚಾಗುತ್ತಿದ್ದ ಅಗ್ಗದ ಕಥಾ ಪತ್ರಿಕೆಗಳ ಸುಗ್ಗಿ. ಅವುಗಳಲ್ಲಿ ಒಂದು 1920ರಲ್ಲಿ ಆರಂಭವಾದ ‘ಬ್ಲ್ಯಾಕ್ ಮಾಸ್ಕ್’. ಇಂಥ ಪತ್ರಿಕೆಗಳು ಲೇಖಕನಿಗೆ ಪದ ಎಣಿಸಿ, ಪದಕ್ಕೆ ಒಂದೆರಡು ಸೆಂಟ್‌ನಂತೆ ದುಡ್ಡು ಕೊಡುತ್ತಿದ್ದವು. ಪದಕ್ಕಿಷ್ಟು ಎಂದಾಗ ಯಾರಾದರೂ ನಾಲ್ಕು ಪದ ಹೆಚ್ಚೇ ಬರೆಯುತ್ತಾರೆ. ಹ್ಯಾಮೆಟ್ ಮಾತ್ರ ಪದಗಳನ್ನು ಕಡಿಯುತ್ತಲೇ ಹೋದ. ಆರೋಗ್ಯ ಇಲಾಖೆಯವರ ಸಲಹೆಯಂತೆ ರೋಗ ತಗಲದಿರಲೆಂದು ಹೆಂಡತಿ ಮಕ್ಕಳು ಕೆಲಕಾಲ ಬೇರೆ ಮನೆಯಲ್ಲಿರಬೇಕಾಯಿತು. ಈತ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬರೆಯುತ್ತಿದ್ದ.

ಹೆಸರಿಲ್ಲದ ದಪ್ಪ ಮನುಷ್ಯ

1923ರ ಅಕ್ಟೋಬರ್ 1ರ ‘ಬ್ಲ್ಯಾಕ್ ಮಾಸ್ಕ್’ ಸಂಚಿಕೆಯಲ್ಲಿ ಹೊಸ ಪತ್ತೇದಾರನೊಬ್ಬ ಕಾಣಿಸಿಕೊಂಡ. ಕುಳ್ಳಗೆ, ದಪ್ಪಗೆ ಇರುವ ನಡುವಯಸ್ಸಿನವನು. ಕಾಂಟಿನೆಂಟಲ್ ಎಂಬ ಪತ್ತೇದಾರಿ ಸಂಸ್ಥೆಯ ಸಂಬಳದ ನೌಕರ. ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಆದರೆ ಹೆಸರು ಹೇಳುವುದಿಲ್ಲ. ಎರಡು ಡಜನ್‌ಗೂ ಹೆಚ್ಚು ಕಥೆಗಳು, ಎರಡು ಕಾದಂಬರಿಗಳು ಬಂದರೂ ಅವನ ನಿಜ ಹೆಸರು ಓದುಗರಿಗೆ ತಿಳಿಯಲೇ ಇಲ್ಲ. ವಿಮರ್ಶಕರು ಅವನನ್ನು ‘ಕಾಂಟಿನೆಂಟಲ್ ಆಪ್’ ಎಂದು ಕರೆಯುತ್ತಾರೆ. ಆಪ್ ಎಂದರೆ ಆಪರೇಟಿವ್, ಅಂದರೆ ಸಂಸ್ಥೆಯ ಕೆಲಸಗಾರ. ಬಾಲ್ಟಿಮೋರ್‌ನಲ್ಲಿ ಪಿಂಕರ್ಟನ್ ಕಚೇರಿಯಿದ್ದ ಕಟ್ಟಡದ ಹೆಸರೇ ಕಾಂಟಿನೆಂಟಲ್.

ಈತನಿಗೆ ಪೈಪಿಲ್ಲ, ಪಿಟೀಲಿಲ್ಲ, ಬೆರಗಾಗಿ ನೋಡುವ ವಾಟ್ಸನ್ ಇಲ್ಲ. ಮೇಲಧಿಕಾರಿಗೆ ವರದಿ ಒಪ್ಪಿಸಬೇಕು. ಕೆಲಸ ಮುಗಿಸಬೇಕೆಂಬ ಹಟವೊಂದೇ ಅವನ ಆಸ್ತಿ. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಅಗಾಥಾ ಕ್ರಿಸ್ಟಿ 1920ರಲ್ಲಿ ಆರಂಭಿಸಿದ್ದ ಪರಂಪರೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಹಳ್ಳಿಯ ಬಂಗಲೆ, ಊಟದ ಮೇಜು, ವಿಷ, ಸಂಶಯಿತ ನೆಂಟರು. ಕೊನೆಯಲ್ಲಿ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಪತ್ತೇದಾರ ಒಗಟು ಬಿಡಿಸುತ್ತಾನೆ. ಕೊಲೆಗಾರ ಸಿಕ್ಕಿಬಿದ್ದ ಮೇಲೆ ಲೋಕ ಮತ್ತೆ ಸರಿಯಾಗುತ್ತದೆ. ಅದೊಂದು ಸೊಗಸಾದ ಕಲೆ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹ್ಯಾಮೆಟ್‌ನ ಲೋಕದಲ್ಲಿ ಮಾತ್ರ ಒಬ್ಬ ಕೊಲೆಗಾರ ಸಿಕ್ಕರೆ ಏನೂ ಸರಿಯಾಗುವುದಿಲ್ಲ. ಏಕೆಂದರೆ ಪೊಲೀಸ್ ಮುಖ್ಯಸ್ಥ, ಪತ್ರಿಕೆಯ ಮಾಲೀಕ, ಬ್ಯಾಂಕಿನ ಯಜಮಾನ ಎಲ್ಲರೂ ಆ ಕೊಲೆಯ ಪಾಲುದಾರರೇ. ಮುಂದೆ ಇದೇ ದಾರಿ ಹಿಡಿದ ರೇಮಂಡ್ ಚಾಂಡ್ಲರ್ 1944ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಹ್ಯಾಮೆಟ್‌ನ ಹಿರಿಮೆಯನ್ನು ಈ ಅರ್ಥದಲ್ಲೇ ಗುರುತಿಸಿದ. ಕೊಲೆ ಒಗಟಿನ ಆಟದಿಂದ ನಿಜವಾಗಿ ಕೊಲೆ ಮಾಡುವ ಜನರ ಬೀದಿಗೆ ಬಂತು.

1929ರಲ್ಲಿ ಪ್ರಕಟವಾದ ‘ರೆಡ್ ಹಾರ್ವೆಸ್ಟ್’ ಹ್ಯಾಮೆಟ್‌ನ ಮೊದಲ ಕಾದಂಬರಿ. ಪರ್ಸನ್‌ವಿಲ್ ಎಂಬ ಗಣಿ ಊರು. ಜನ ಅದನ್ನು ಪಾಯ್ಸನ್‌ವಿಲ್, ವಿಷದೂರು ಎಂದು ಕರೆಯುತ್ತಾರೆ. ಊರಿನ ದೊಡ್ಡ ಧಣಿ ಮುಷ್ಕರ ಮುರಿಯಲು ಗೂಂಡಾಗಳನ್ನು ಕರೆಸಿದ್ದ. ಮುಷ್ಕರ ಮುರಿಯಿತು, ಗೂಂಡಾಗಳು ಮಾತ್ರ ಹಿಂದಿರುಗಲಿಲ್ಲ. ಊರೇ ಅವರದಾಯಿತು. ಅದನ್ನು ಶುಚಿಗೊಳಿಸಲು ಬಂದ ಆಪ್, ಒಂದು ತಂಡವನ್ನು ಇನ್ನೊಂದರ ಮೇಲೆ ಎತ್ತಿಕಟ್ಟುತ್ತಾನೆ. ಹೆಣಗಳ ಮೇಲೆ ಹೆಣ ಬೀಳುತ್ತವೆ. ಒಂದು ಹಂತದಲ್ಲಿ ಪತ್ತೇದಾರನಿಗೇ ಭಯವಾಗುತ್ತದೆ. ಕೊಲ್ಲಿಸುವುದರಲ್ಲಿ ತನಗೇ ರುಚಿ ಹತ್ತುತ್ತಿದೆಯಲ್ಲ ಎಂದು. ಔಷಧದ ಅಮಲಿನಲ್ಲಿ ಮಲಗಿದ್ದವನು ಎದ್ದಾಗ ಪಕ್ಕದಲ್ಲಿ ಹೆಣ್ಣಿನ ಹೆಣ, ತನ್ನ ಕೈಯಲ್ಲಿ ಅವಳನ್ನು ಇರಿದ ಆಯುಧ. ಕೊಲೆಗಾರ ತಾನೇ ಇರಬಹುದೇ ಎಂದು ಪತ್ತೇದಾರನೇ ಸಂಶಯಪಡುವ ಸ್ಥಿತಿ! ಬ್ಯೂಟ್ ಊರಿನ ನೆರಳು ಈ ಪುಸ್ತಕದ ಮೇಲೆ ದಟ್ಟವಾಗಿದೆ.

ಸ್ಯಾಮ್ ಸ್ಪೇಡ್‌ನ ಲೆಕ್ಕ

1930ರಲ್ಲಿ ‘ದಿ ಮಾಲ್ಟೀಸ್ ಫಾಲ್ಕನ್’ ಬಂತು. ನಾಯಕ ಸ್ಯಾಮ್ ಸ್ಪೇಡ್. ಹ್ಯಾಮೆಟ್‌ನ ಪೂರ್ಣ ಹೆಸರು ಸ್ಯಾಮ್ಯುಯೆಲ್ ಡ್ಯಾಶಿಯಲ್ ಹ್ಯಾಮೆಟ್ ಎಂಬುದು ನೆನಪಿರಲಿ. ತನ್ನ ಬಳಿಯಿಲ್ಲದ ಮೊದಲ ಹೆಸರನ್ನೇನೂ ಅವನು ಎರವಲು ತರಲಿಲ್ಲ! ಸ್ಪೇಡ್‌ಗೆ ಮೂಲವಾದ ವ್ಯಕ್ತಿ ಯಾರೂ ಇಲ್ಲ, ತಾನು ಕಂಡ ಪತ್ತೇದಾರರು ತಾವು ಹೀಗಿರಬೇಕಿತ್ತು ಎಂದು ಕನಸು ಕಾಣುತ್ತಿದ್ದ ಮನುಷ್ಯ ಅವನು ಎಂದು ಹ್ಯಾಮೆಟ್ ಹೇಳಿಕೊಂಡಿದ್ದಾನೆ.

ಕಥೆ ಇಷ್ಟು. ರತ್ನಖಚಿತವಾದ ಹಳೆಯ ಗಿಡುಗನ ವಿಗ್ರಹವೊಂದರ ಹಿಂದೆ ದುರಾಸೆಯ ಗುಂಪೊಂದು ಬಿದ್ದಿದೆ. ಅದರಲ್ಲೊಬ್ಬಳು ಬ್ರಿಜಿಡ್ ಎಂಬ ಚೆಲುವೆ. ಸ್ಪೇಡ್‌ನ ಪಾಲುದಾರ ಆರ್ಚರ್ ಮೊದಲ ರಾತ್ರಿಯೇ ಕೊಲೆಯಾಗುತ್ತಾನೆ. ಸ್ಪೇಡ್ ಸಂತನಲ್ಲ. ಪಾಲುದಾರನ ಹೆಂಡತಿಯ ಜೊತೆಗೇ ಅವನಿಗೆ ಸಂಬಂಧವಿತ್ತು. ಆರ್ಚರ್ ಸತ್ತ ಕೂಡಲೇ ಕಚೇರಿಯ ಬಾಗಿಲ ಮೇಲಿನ ಅವನ ಹೆಸರು ಅಳಿಸಲು ಹೇಳುತ್ತಾನೆ. ಆದರೂ ಕೊನೆಯಲ್ಲಿ, ಕೊಂದವಳು ಬ್ರಿಜಿಡ್ ಎಂದು ಗೊತ್ತಾದಾಗ, ಅವಳ ಮೇಲೆ ಮನಸ್ಸಿದ್ದರೂ ಪೊಲೀಸರಿಗೆ ಒಪ್ಪಿಸುತ್ತಾನೆ. (ಪುಸ್ತಕ ಓದದವರಿಗೆ ಕೊನೆ ಹೇಳಿಬಿಟ್ಟೆ, ಕ್ಷಮಿಸಿ. ಆದರೆ ಈ ಪುಸ್ತಕದ ಸ್ವಾರಸ್ಯ ಕೊಲೆಗಾರ ಯಾರೆಂಬುದರಲ್ಲಿಲ್ಲ.)

ಏಕೆ ಒಪ್ಪಿಸಿದ? ಸ್ಪೇಡ್ ಅವಳೆದುರು ಕಾರಣಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಆರ್ಚರ್ ಒಳ್ಳೆಯವನೋ ಕೆಟ್ಟವನೋ, ತನಗಿಷ್ಟನೋ ಅಲ್ಲವೋ, ಆ ಪ್ರಶ್ನೆ ಬೇರೆ. ಅವನು ಜೊತೆಗಾರ. ಜೊತೆಗಾರನನ್ನು ಕೊಂದವರನ್ನು ಬಿಟ್ಟರೆ ಈ ಕಸುಬಿಗೆ ಅರ್ಥವಿಲ್ಲ. ಇದರಲ್ಲಿ ನ್ಯಾಯ, ಧರ್ಮ ಮುಂತಾದ ದೊಡ್ಡ ಮಾತುಗಳಿಲ್ಲ. ಒಂದು ಕಡೆ ಸೇರಿದ ಮೇಲೆ ಅಲ್ಲಿಯ ಋಣ ತೀರಿಸಬೇಕೆಂಬ ಲೆಕ್ಕ, ಅಷ್ಟೆ. ಹ್ಯಾಮೆಟ್ ಬದುಕಿನ ಕೊನೆಯ ಅಧ್ಯಾಯ ಅರ್ಥವಾಗಬೇಕಾದರೆ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇಡೀ ಕಾದಂಬರಿಯಲ್ಲಿ ಯಾವ ಪಾತ್ರದ ಮನಸ್ಸಿನೊಳಗೂ ಲೇಖಕ ಇಣುಕುವುದಿಲ್ಲ. ಸ್ಪೇಡ್ ಸಿಗರೇಟು ಸುತ್ತುವ ಬೆರಳು ಕಾಣುತ್ತದೆ, ಕಣ್ಣು ಕಾಣುತ್ತದೆ, ಮಾತು ಕೇಳುತ್ತದೆ. ಉಳಿದದ್ದು ಓದುಗನ ಊಹೆಗೆ ಬಿಟ್ಟದ್ದು. ಪಿಂಕರ್ಟನ್ ವರದಿಯ ಶಿಸ್ತು ಇಲ್ಲಿ ಕಲೆಯಾಗಿದೆ.

ಇದೇ ಕಾದಂಬರಿಯ ನಡುವೆ ಸ್ಪೇಡ್ ಒಂದು ಪುಟ್ಟ ಕಥೆ ಹೇಳುತ್ತಾನೆ. ಟಕೋಮಾದಲ್ಲಿ ಫ್ಲಿಟ್‌ಕ್ರಾಫ್ಟ್ ಎಂಬ ಸುಖಿ ಸಂಸಾರಿ. ಒಂದು ಮಧ್ಯಾಹ್ನ ಊಟಕ್ಕೆ ಹೋಗುವಾಗ ಕಟ್ಟುತ್ತಿದ್ದ ಕಟ್ಟಡದಿಂದ ತೊಲೆಯೊಂದು ಅವನ ಪಕ್ಕದಲ್ಲೇ ಬೀಳುತ್ತದೆ. ಕೆನ್ನೆ ತರಚುತ್ತದೆ, ಜೀವ ಉಳಿಯುತ್ತದೆ. ಬದುಕು ಇಷ್ಟು ಆಕಸ್ಮಿಕವಾದರೆ ತನ್ನ ಅಚ್ಚುಕಟ್ಟಿಗೆ ಏನರ್ಥ ಎನ್ನಿಸಿ ಹೆಂಡತಿ ಮಕ್ಕಳನ್ನು ಬಿಟ್ಟು ಅಂದೇ ಊರು ಬಿಡುತ್ತಾನೆ. ಐದು ವರ್ಷದ ಮೇಲೆ ಸ್ಪೋಕೇನ್‌ನಲ್ಲಿ ಬೇರೆ ಹೆಸರಿನಲ್ಲಿ ಸಿಗುತ್ತಾನೆ. ಅಲ್ಲಿಯೂ ಅಂಥದೇ ಹೆಂಡತಿ, ಅಂಥದೇ ಮನೆ, ಅಂಥದೇ ದಿನಚರಿ! ಟಕೋಮಾ, ಸ್ಪೋಕೇನ್ ಎರಡೂ ಹ್ಯಾಮೆಟ್ ಸ್ವತಃ ಕೆಲಸ ಮಾಡಿದ, ಕಾಯಿಲೆ ಬಿದ್ದ ಊರುಗಳು. ಈ ಕಥೆ ಬರೆದ ಹೊತ್ತಿಗೇ ಆತ ತನ್ನ ಸಂಸಾರ ಬಿಟ್ಟು ನ್ಯೂಯಾರ್ಕ್‌ಗೆ ಹೋದ. ಹಣ ಕಳಿಸುತ್ತಿದ್ದ, ಪತ್ರ ಬರೆಯುತ್ತಿದ್ದ, ಮನೆಗೆ ಮರಳಲಿಲ್ಲ. ಆ ನೋವು ಜೋಸ್ ಮತ್ತು ಇಬ್ಬರು ಹೆಣ್ಣುಮಕ್ಕಳ ಪಾಲಾಯಿತು. ಹ್ಯಾಮೆಟ್‌ನ ಬಗ್ಗೆ ಮಾತನಾಡುವವರು ಇದನ್ನು ಮರೆಯಬಾರದು.

ಇದರ ಚಲನಚಿತ್ರ ರೂಪವನ್ನು ಹಲವರು ನೋಡಿರಬಹುದು. 1931 ಮತ್ತು 1936ರಲ್ಲಿ ಎರಡು ಸಲ ತೆಗೆದರೂ ಹೆಸರು ಮಾಡಿದ್ದು 1941ರದು. ಅದು ಜಾನ್ ಹ್ಯೂಸ್ಟನ್ ನಿರ್ದೇಶಿಸಿದ ಮೊದಲ ಚಿತ್ರ. ಹಂಫ್ರಿ ಬೋಗಾರ್ಟ್ ಸ್ಪೇಡ್ ಆಗಿದ್ದ.

ನಿಂತು ಹೋದ ಲೇಖನಿ

1931ರಲ್ಲಿ ‘ದಿ ಗ್ಲಾಸ್ ಕೀ’, 1934ರಲ್ಲಿ ‘ದಿ ಥಿನ್ ಮ್ಯಾನ್’. ಕೊನೆಯದರಲ್ಲಿ ನಿಕ್ ಚಾರ್ಲ್ಸ್ ಎಂಬ ಮಾಜಿ ಪತ್ತೇದಾರ, ಅವನ ಸಿರಿವಂತ ಹೆಂಡತಿ ನೋರಾ, ಅವರ ನಾಯಿ ಆಸ್ಟಾ. ಕುಡಿತ, ಚಟಾಕಿ, ನಡುವೆ ಒಂದು ಕೊಲೆ. ಅದೇ ವರ್ಷ ಬಂದ ಚಿತ್ರ ಭರ್ಜರಿಯಾಗಿ ಓಡಿ, ಒಟ್ಟು ಆರು ಚಿತ್ರಗಳಾದವು. ಕಾದಂಬರಿಯಲ್ಲಿ ತೆಳ್ಳನೆಯ ಮನುಷ್ಯ ಎಂದರೆ ಕಾಣೆಯಾದ ವಿಜ್ಞಾನಿ. ಚಿತ್ರಗಳ ದೆಸೆಯಿಂದ ಆ ಹೆಸರು ಪತ್ತೇದಾರನಿಗೇ ಅಂಟಿಕೊಂಡಿತು.

ಹ್ಯಾಮೆಟ್‌ಗೆ ಆಗ ನಲವತ್ತು ವರ್ಷ. ಕೈತುಂಬ ಹಣ, ದೇಶದ ತುಂಬ ಹೆಸರು. ಇಲ್ಲಿಗೆ ಅವನ ಲೇಖನಿ ನಿಂತಿತು. ಮುಂದಿನ ಇಪ್ಪತ್ತೇಳು ವರ್ಷಗಳಲ್ಲಿ ಇನ್ನೊಂದು ಕಾದಂಬರಿ ಮುಗಿಸಲಿಲ್ಲ. ಕುಡಿತ ಒಂದು ಕಾರಣ, ಹಾಲಿವುಡ್‌ನ ಸುಲಭದ ದುಡ್ಡು ಇನ್ನೊಂದು. ತಾನು ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದೇನೆ ಎನ್ನಿಸಿ ನಿಲ್ಲಿಸಿದೆ ಎಂದು ಆತನೇ ಮುಂದೆ ಹೇಳಿದ. ಇದರಲ್ಲಿ ಸತ್ಯವಿದೆ. ಪುನರುಕ್ತಿಯಿಂದಲೇ ಹಣ ಬರುವ ಪ್ರಕಾರದಲ್ಲಿ ಪುನರುಕ್ತಿ ಬೇಡವೆಂದವನು ಅವನು.

ಬರೆಯದಿದ್ದರೂ ಬರೆಸಿದ. 1930ರಲ್ಲಿ ಪರಿಚಯವಾದ ಹೆಲ್‌ಮನ್‌ಗೆ ‘ದಿ ಚಿಲ್ಡ್ರನ್ಸ್ ಅವರ್’ ನಾಟಕದ ವಸ್ತು ಸೂಚಿಸಿದವನು ಹ್ಯಾಮೆಟ್. ಆಕೆಯ ಕರಡುಗಳನ್ನು ದಾಕ್ಷಿಣ್ಯವಿಲ್ಲದೆ ತಿದ್ದಿಸಿದ. 1934ರಲ್ಲಿ ರಂಗಕ್ಕೆ ಬಂದ ಆ ನಾಟಕ ಆಕೆಗೆ ಹೆಸರು ತಂದಿತು.

ಈ ನಡುವೆ ಹ್ಯಾಮೆಟ್ ಎಡಪಂಥದ ಕಡೆ ವಾಲಿದ. ಒಂದು ಕಾಲಕ್ಕೆ ಮುಷ್ಕರ ಮುರಿಯುವವರ ಸಂಬಳ ಉಂಡವನು ಈಗ ಕಾರ್ಮಿಕರ ಪರ, ಫ್ಯಾಸಿಸಂ ವಿರುದ್ಧ ಸಭೆಗಳಲ್ಲಿ ನಿಂತ. ಇದರಲ್ಲಿ ತಪ್ಪು ಹೆಜ್ಜೆಗಳೂ ಇದ್ದವು. ಸ್ಟಾಲಿನ್ ತನ್ನ ವಿರೋಧಿಗಳನ್ನು ಮುಗಿಸಲು ನಡೆಸಿದ ಮಾಸ್ಕೊ ವಿಚಾರಣೆಗಳನ್ನು ಸಮರ್ಥಿಸಿದ 1938ರ ಹೇಳಿಕೆಗೆ ಸಹಿ ಹಾಕಿದವರಲ್ಲಿ ಹ್ಯಾಮೆಟ್ ಒಬ್ಬ. ಕಾದಂಬರಿಯಲ್ಲಿ ಯಾವ ಪೊಲೀಸ್ ಅಧಿಕಾರಿಯ ಮಾತನ್ನೂ ನಂಬದಿದ್ದವನು ಅಲ್ಲಿನ ಸರ್ಕಾರಿ ವಕೀಲರನ್ನು ನಂಬಿದ. ಪತ್ತೇದಾರನ ಕಣ್ಣು ಅಲ್ಲಿ ಮುಚ್ಚಿತ್ತು ಎನ್ನದೆ ವಿಧಿಯಿಲ್ಲ.

1942ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ಕ್ಷಯದ ಗುರುತುಳ್ಳ ಶ್ವಾಸಕೋಶ ಹೊತ್ತು ಮತ್ತೆ ಸೈನ್ಯಕ್ಕೆ ಸೇರಿದ, ಅದೂ ಸಾಮಾನ್ಯ ಸಿಪಾಯಿಯಾಗಿ. ಅಲಾಸ್ಕಾ ಆಚೆಯ ಅಡಾಕ್ ಎಂಬ ಹಿಮದ ದ್ವೀಪದಲ್ಲಿ ಸೈನಿಕರಿಗಾಗಿ ‘ದಿ ಅಡಾಕಿಯನ್’ ಎಂಬ ಪತ್ರಿಕೆ ನಡೆಸಿದ. ವರದಿಗಾರನಾಗದವನು ಕೊನೆಗೆ ಸಂಪಾದಕನಾದ!

ಮತ್ತೆ ನ್ಯಾಯಾಲಯಕ್ಕೆ

ಈಗ ಆರಂಭದ ದೃಶ್ಯಕ್ಕೆ ಮರಳೋಣ. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ಶುರುವಾಯಿತು. 1949ರಲ್ಲಿ ಹನ್ನೊಂದು ಮಂದಿ ಕಮ್ಯುನಿಸ್ಟ್ ನಾಯಕರಿಗೆ ಶಿಕ್ಷೆಯಾಯಿತು. ಮೇಲ್ಮನವಿ ನಡೆಯುವಾಗ ಅವರು ಜಾಮೀನಿನ ಮೇಲಿದ್ದರು. ಜಾಮೀನಿನ ಹಣ ಕೊಟ್ಟದ್ದು ಸಿವಿಲ್ ರೈಟ್ಸ್ ಕಾಂಗ್ರೆಸ್ ಎಂಬ ಸಂಘಟನೆಯ ನಿಧಿ. ಹ್ಯಾಮೆಟ್ ಆ ನಿಧಿಯ ಧರ್ಮದರ್ಶಿಗಳಲ್ಲಿ ಒಬ್ಬ. 1951ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿದಾಗ ನಾಲ್ವರು ಶರಣಾಗದೆ ತಲೆಮರೆಸಿಕೊಂಡರು. ನಿಧಿಗೆ ಹಣ ಕೊಟ್ಟವರ ಹೆಸರು ಸಿಕ್ಕರೆ ಓಡಿಹೋದವರ ಜಾಡು ಸಿಗಬಹುದೆಂದು ನ್ಯಾಯಾಲಯ ಧರ್ಮದರ್ಶಿಗಳನ್ನು ಕರೆಸಿತು.

ಕಾನೂನಿನ ದೃಷ್ಟಿಯಿಂದ ನ್ಯಾಯಾಲಯದ ಪ್ರಶ್ನೆಗೆ ಕಾರಣವಿತ್ತು. ಆರೋಪಿಗಳು ನಿಜವಾಗಿಯೂ ಓಡಿಹೋಗಿದ್ದರು. ಆದರೆ ಆ ಕಾಲದಲ್ಲಿ ಅಂಥ ನಿಧಿಗೆ ಹಣ ಕೊಟ್ಟವರೆಂದು ಹೆಸರು ಹೊರಬಿದ್ದರೆ ಕೆಲಸ ಹೋಗುವ ಸಂಭವವಿತ್ತು. ಹಣ ಕೊಟ್ಟವರು ಧರ್ಮದರ್ಶಿಗಳನ್ನು ನಂಬಿ ಕೊಟ್ಟಿದ್ದರು. ಹ್ಯಾಮೆಟ್‌ಗೆ ಆ ಹೆಸರುಗಳು ಗೊತ್ತೇ ಇರಲಿಲ್ಲ ಎಂದು ಹೆಲ್‌ಮನ್ ಬರೆದಿದ್ದಾಳೆ. ಹಾಗಿದ್ದರೆ ಗೊತ್ತಿಲ್ಲ ಎಂದು ಹೇಳಿ ಮನೆಗೆ ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಕೆಯೂ ಕೇಳಿದಳಂತೆ. ತಾನು ನಂಬಿದ ಪ್ರಜಾಪ್ರಭುತ್ವದಲ್ಲಿ ಪೊಲೀಸರೋ ನ್ಯಾಯಾಧೀಶರೋ ಹೇಳಿಕೊಡಬೇಕಾಗಿಲ್ಲ ಎಂಬುದು ಅವನ ಉತ್ತರದ ಧಾಟಿ. ಹೆಲ್‌ಮನ್‌ಳ ನೆನಪುಗಳನ್ನು ಪೂರ್ತಿ ನಂಬದವರಿದ್ದಾರೆ. ಆತ ಬಾಯಿ ಬಿಡಲಿಲ್ಲ, ಜೈಲಿಗೆ ಹೋದ ಎಂಬುದಕ್ಕಂತೂ ದಾಖಲೆಯಿದೆ.

ಸುಮಾರು ಐದು ತಿಂಗಳು ಸೆರೆಯಲ್ಲಿದ್ದು ಡಿಸೆಂಬರ್‌ನಲ್ಲಿ ಹೊರಬಂದಾಗ ಆರೋಗ್ಯ ಕುಸಿದಿತ್ತು. ಅವನ ಪಾತ್ರಗಳನ್ನು ಆಧರಿಸಿದ ರೇಡಿಯೊ ಕಾರ್ಯಕ್ರಮಗಳು ನಿಂತವು. ಒಂದು ಲಕ್ಷ ಡಾಲರಿಗೂ ಹೆಚ್ಚು ತೆರಿಗೆ ಬಾಕಿಗಾಗಿ ಸರ್ಕಾರ ಅವನ ವರಮಾನವನ್ನು ಹಿಡಿದುಕೊಂಡಿತು. 1953ರಲ್ಲಿ ಸೆನೆಟರ್ ಮೆಕಾರ್ಥಿಯ ಸಮಿತಿ ಮತ್ತೆ ಕರೆಸಿತು. ವಿದೇಶಗಳ ಅಮೆರಿಕನ್ ಗ್ರಂಥಾಲಯಗಳಲ್ಲಿ ಹ್ಯಾಮೆಟ್‌ನ ಪುಸ್ತಕಗಳಿದ್ದದ್ದು ಸಮಿತಿಯ ಕಣ್ಣು ಕುಕ್ಕಿತ್ತು. ನೀವು ಕಮ್ಯುನಿಸಂ ವಿರುದ್ಧ ಹೋರಾಡುತ್ತಿದ್ದರೆ ಕಮ್ಯುನಿಸ್ಟರ ಪುಸ್ತಕ ಕೊಳ್ಳುತ್ತಿದ್ದಿರೇ ಎಂದು ಮೆಕಾರ್ಥಿ ಕೇಳಿದ. ಹಾಗೆ ಹೋರಾಡುವುದೇ ಆದರೆ ಜನರಿಗೆ ಯಾವ ಪುಸ್ತಕವನ್ನೂ ಕೊಡುತ್ತಿರಲಿಲ್ಲ ಎಂಬರ್ಥದ ಉತ್ತರ ಹ್ಯಾಮೆಟ್‌ನಿಂದ ಬಂತು! ಸ್ಪೇಡ್ ಆಡಬಹುದಾಗಿದ್ದ ಮಾತು.

ಮುಂದಿನ ಹಲವು ವರ್ಷಗಳನ್ನು ನ್ಯೂಯಾರ್ಕ್ ಬಳಿಯ ಕಟೋನಾದಲ್ಲಿ ಸ್ನೇಹಿತರು ಕೊಟ್ಟ ಪುಟ್ಟ ಮನೆಯಲ್ಲಿ ಕಳೆದ. ಭೇಟಿಗೆ ಬಂದ ಪತ್ರಕರ್ತನೊಬ್ಬನಿಗೆ ಟೈಪ್‌ರೈಟರ್‌ಗಳನ್ನು ತೋರಿಸಿ, ತಾನೊಮ್ಮೆ ಲೇಖಕನಾಗಿದ್ದೆ ಎಂಬುದನ್ನು ನೆನಪಿಟ್ಟುಕೊಳ್ಳಲು ಇವನ್ನು ಇಟ್ಟುಕೊಂಡಿದ್ದೇನೆ ಎಂದನಂತೆ. 1961ರ ಜನವರಿ 10ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಎರಡು ಮಹಾಯುದ್ಧಗಳಲ್ಲಿ ಸೇವೆ ಸಲ್ಲಿಸಿದವನೆಂದು, ಜೈಲಿಗೆ ಕಳಿಸಿದ ದೇಶವೇ ಆರ್ಲಿಂಗ್‌ಟನ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಅವನಿಗೆ ಜಾಗ ಕೊಟ್ಟಿತು.

ಗೆಳೆಯರೇ, ಸುದ್ದಿ ಕೊಟ್ಟವರ ಹೆಸರು ಬಿಟ್ಟುಕೊಡಬಾರದು ಎಂಬುದು ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಅದಕ್ಕೆ ಐದು ತಿಂಗಳ ಸೆರೆಯ ಬೆಲೆಯೂ ಇರಬಹುದೆಂದು ನನಗೆ ತಿಳಿದದ್ದು ಈ ಪತ್ತೇದಾರಿ ಲೇಖಕನ ಕಥೆ ಓದಿದಾಗ. ಸ್ಪೇಡ್ ಹೆಸರು ಹೇಳಿದ, ಅವನನ್ನು ಸೃಷ್ಟಿಸಿದವನು ಹೇಳಲಿಲ್ಲ. ಆದರೆ ಇಬ್ಬರ ಲೆಕ್ಕವೂ ಒಂದೇ. ನಂಬಿ ಜೊತೆಗೆ ನಿಂತವರ ಋಣ ಅದು.

ಹ್ಯಾಮೆಟ್ ಬರೆದದ್ದು ಐದೇ ಕಾದಂಬರಿಗಳು. ಗ್ರಂಥಾಲಯದಲ್ಲಿ ಸಿಕ್ಕರೆ ‘ರೆಡ್ ಹಾರ್ವೆಸ್ಟ್’ನಿಂದ ಆರಂಭಿಸಿ. ಆ ದಪ್ಪ ಮನುಷ್ಯನ ಹೆಸರೇನೆಂದು ಕೊನೆಯ ಪುಟದವರೆಗೆ ಹುಡುಕಿ ನೋಡಿ. ಸಿಗುವುದಿಲ್ಲ.